ಕುಂಕುಮದ ತಟ್ಟೆ

ಪರೋಪಕಾರ ಮಾಡಬೇಕೆಂಬ ಹಂಬಲ ನನಗೆ ವರ್ಷಕ್ಕೊಮ್ಮೆ ಬರುತ್ತದೆ. ಕಳೆದ ಆಷಾಢದ ಒಂದು ಶುಕ್ರವಾರ ಅದು ಬೆಳಗಿನ ಜಾವಕ್ಕೇ ಬಂದು, ನನ್ನನ್ನು ಚಾಮುಂಡಿಬೆಟ್ಟಕ್ಕೆ ಎಳೆದುಕೊಂಡು ಹೋಯಿತು.

ದೊಡ್ಡದೇವರಾಜ ಒಡೆಯರ ಕಾಲದಲ್ಲಿ (1659–1673) ಕಟ್ಟಿಸಿದ ಸಾವಿರ ಮೆಟ್ಟಿಲು. ಹತ್ತುವವರಿಗೆ ನೀರು ಕೊಡುವುದು ನನ್ನ ಪಾಲಿನ ಸೇವೆ. ಆದರೆ ಎದೆಯ ಮೇಲೆ ಸ್ವಯಂಸೇವಕನ ಬಿಲ್ಲೆ ಬಿದ್ದದ್ದೇ ತಡ, ಕೈಗಿಂತ ಬಾಯಿಗೇ ಕೆಲಸ ಹೆಚ್ಚಾಯಿತು. “ನಿಲ್ಲಬೇಡಿ, ನಡೆಯಿರಿ” ಎಂದು ತರಗತಿಯ ದನಿಯಲ್ಲೇ ಗದರತೊಡಗಿದೆ.

ಒಬ್ಬ ಅಜ್ಜಿ ಮಾತ್ರ ಜಗ್ಗಲಿಲ್ಲ. ಮೆಟ್ಟಿಲು ಮೆಟ್ಟಿಲಿಗೂ ಬಾಗಿ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಹಿಂದೆ ಜನ ಸೇರಿತ್ತು.

“ಎಲ್ಲಕ್ಕೂ ಏಕಮ್ಮಾ? ಒಂದಕ್ಕೆ ಹಚ್ಚಿದರೆ ಸಾಲದೆ?” ಎಂದೆ.

“ಸಾಕಾಗಕಿಲ್ಲ ಕನಪ್ಪ. ನಿಂತ್ಕೊಂಡು ಯೋಳೋ ಬದ್ಲು ಈ ತಟ್ಟೆ ಒಸಿ ಹಿಡ್ಕೊ” ಎಂದರು.

ಹಿಡಿದೆ. ಅವರು ಬಾಗಿದಾಗಲೆಲ್ಲ ನಾನೂ ಬಾಗಿದೆ. ನಂದಿಯ ಹತ್ತಿರ ಬರುವ ವೇಳೆಗೆ ನನ್ನ ಸೊಂಟ ಸೋತಿತ್ತು. ಬಿಲ್ಲೆ ಎಲ್ಲೋ ಕಳಚಿ ಬಿದ್ದಿತ್ತು. ಅಜ್ಜಿ ಬೆವರೊರೆಸಿಕೊಂಡು, “ನಿಮ್ಮವ್ವನ್ನೂ ಹಿಂಗೇ ಹತ್ಸಿದ್ದೀಯಾ?” ಎಂದು ಕೇಳಿದರು.

ನಾನು ಮಾತಾಡಲಿಲ್ಲ. ಉತ್ತರಪತ್ರಿಕೆಗಳ ನೆಪ ಹೇಳಿ ಎಷ್ಟೋ ಆಷಾಢಗಳನ್ನು ಮುಂದೂಡಿದವನು ನಾನು. ಈಗ ಅಮ್ಮನ ಮಂಡಿ ಹೊಸ್ತಿಲು ದಾಟುವುದಕ್ಕೇ ಮುನಿಯುತ್ತದೆ.

ಮನೆಗೆ ಬಂದಾಗ ಅಮ್ಮ ನನ್ನ ಕೆಂಪು ಬೆರಳುಗಳನ್ನು ನೋಡಿ, “ಎಷ್ಟು ಮೆಟ್ಟಿಲಿಗೆ ಹಚ್ಚಿದೆಯೋ?” ಎಂದಳು.

“ಹಚ್ಚಲಿಲ್ಲಮ್ಮ, ತಟ್ಟೆ ಹಿಡಿದಿದ್ದೆ ಅಷ್ಟೆ” ಎಂದೆ.

ಅವಳು ಆ ಬೆರಳುಗಳನ್ನೇ ಹಿಡಿದು ಕಣ್ಣಿಗೊತ್ತಿಕೊಂಡಳು.