ಮಧುಗಿರಿ ಸೀಮೆಯ ಗ್ಯಾರೇಜುಗಳಿಗೆ ಸ್ಕ್ಯಾನರ್ ಬಂದ ಕಾಲ

ತುಮಕೂರು ಜಿಲ್ಲೆಯ ಉತ್ತರ ಭಾಗದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಡೀಸೆಲ್ ವಾಹನಗಳ ದುರಸ್ತಿಯ ಕಸುಬು ಕಳೆದ ಎರಡು ದಶಕಗಳಲ್ಲಿ ಎಷ್ಟು ಬದಲಾಗಿದೆ ಎಂಬುದನ್ನು ತಿಳಿಯಲು, ಓಡುತ್ತಿರುವ ಗಾಡಿ ನಡುದಾರಿಯಲ್ಲಿ ತಾನಾಗಿ ಆಫ್ ಆಗುವ ಒಂದೇ ದೋಷವನ್ನು ಅಲ್ಲಿನ ಮೇಸ್ತ್ರಿಗಳು ಆಗ ಹೇಗೆ ಹುಡುಕುತ್ತಿದ್ದರು, ಈಗ ಹೇಗೆ ಹುಡುಕುತ್ತಾರೆ ಎಂಬುದನ್ನು ಗಮನಿಸಬಹುದು. ದೋಷ ಹಳೆಯದೇ, ಅದನ್ನು ಕಂಡುಹಿಡಿಯುವವನ ಸ್ಥಾನ, ಅವನ ಕೈಯಲ್ಲಿರುವ ಸಾಧನ ಮತ್ತು ತಪ್ಪಾದಾಗ ಗಾಡಿಯವನು ತೆರಬೇಕಾದ ಬೆಲೆ ಮಾತ್ರ ಬೇರೆಯಾಗಿವೆ.

ರೈಲು ಮಾರ್ಗವಿಲ್ಲದೆ, ಮೂರು ಕಡೆ ಆಂಧ್ರಪ್ರದೇಶದಿಂದ ಸುತ್ತುವರಿದಿದ್ದ ಪಾವಗಡದಂಥ ತಾಲ್ಲೂಕಿನಲ್ಲಿ ಬಸ್ಸು ತಪ್ಪಿದವರಿಗೆ ಕಮಾಂಡರ್ ಜೀಪು ಮತ್ತು ಟ್ರ್ಯಾಕ್ಸ್‌ಗಳೇ ದಿಕ್ಕಾಗಿದ್ದವು. 1994ರಲ್ಲಿ ಬಂದ ಸುಮೊ, 2000ದಲ್ಲಿ ಬಂದ ಬೊಲೆರೊ ಮತ್ತು ಕ್ವಾಲಿಸ್‌ಗಳು ಮುಂದೆ ಅವುಗಳ ಜೊತೆ ಸೇರಿದವು. ಈ ಗಾಡಿಗಳ ಎಂಜಿನ್ನುಗಳಲ್ಲಿ ಡೀಸೆಲನ್ನು ಅಳೆದು ಕೊಡುವ ಕೆಲಸವೆಲ್ಲ ಯಾಂತ್ರಿಕವಾಗಿತ್ತು: ಟ್ಯಾಂಕಿನಿಂದ ಬಂದ ಡೀಸೆಲನ್ನು ಪಂಪು ಒತ್ತಡಕ್ಕೇರಿಸಿ ಒಂದೊಂದು ಸಿಲಿಂಡರಿಗೂ ಅದರ ಸರದಿಯಂತೆ ಕಳಿಸುತ್ತಿತ್ತು, ನಾಜಲ್ ಅದನ್ನು ಮಂಜಿನಂತೆ ಸಿಂಪಡಿಸುತ್ತಿತ್ತು. ಹೀಗಾಗಿ ಎಂಜಿನ್ ಆಫ್ ಆಯಿತೆಂದರೆ ಕಾರಣಗಳು ಬೆರಳೆಣಿಕೆಯಷ್ಟಿರುತ್ತಿದ್ದವು. ಪೈಪಿನ ಜೋಡಣೆ ಸಡಿಲವಾಗಿ ಡೀಸೆಲ್ ಜೊತೆ ಗಾಳಿ ಸೇರಿದರೆ ‘ಗಾಡಿ ಏರ್ ಎಳೀತೈತೆ’ ಎನ್ನುತ್ತಿದ್ದರು. ಮೇಸ್ತ್ರಿಯು ಫಿಲ್ಟರಿನ ಬಳಿಯ ಸ್ಕ್ರೂ ಸಡಿಲಿಸಿ, ಕೈಪಂಪನ್ನು ಒತ್ತುತ್ತ, ನೊರೆ ನಿಂತು ಶುದ್ಧ ಡೀಸೆಲ್ ಹರಿಯುವವರೆಗೆ ಕಾಯುತ್ತಿದ್ದನು. ನಾಜಲ್ ಕೆಟ್ಟಿದೆಯೆಂಬ ಶಂಕೆ ಬಂದರೆ ಓಡುತ್ತಿರುವ ಎಂಜಿನ್ನಿನಲ್ಲಿ ಒಂದೊಂದೇ ನಾಜಲ್ ಪೈಪಿನ ನಟ್ಟನ್ನು ಸಡಿಲಿಸುತ್ತ ಹೋಗುತ್ತಿದ್ದನು. ಯಾವುದನ್ನು ಸಡಿಲಿಸಿದರೂ ಎಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಅದಾಗಲೇ ಕೆಲಸ ನಿಲ್ಲಿಸಿದೆ ಎಂದರ್ಥ. ಕಿವಿಯನ್ನೇ ಆಧರಿಸಿದ ಈ ಪರೀಕ್ಷೆಯ ಹಿಂದಿದ್ದ ತರ್ಕ ಸಂಪೂರ್ಣ ಶಾಸ್ತ್ರೀಯವಾದದ್ದು, ಮತ್ತು ಅದನ್ನು ಬರಿಯ ಕೈಚಳಕವೆಂದು ಕರೆಯುವುದು ಆ ತಲೆಮಾರಿನ ಮೇಸ್ತ್ರಿಗಳಿಗೆ ಮಾಡುವ ಅನ್ಯಾಯವೇ ಸರಿ.

ಆ ಕಾಲದಲ್ಲಿ ಕಸುಬಿನ ತುತ್ತತುದಿಯಲ್ಲಿದ್ದವನು ಪಂಪು ಮತ್ತು ನಾಜಲ್ ರಿಪೇರಿಯವನು. ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ನಡೆಸುತ್ತಿದ್ದ, 1951ರಲ್ಲಿ ಆರಂಭವಾಗಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೈಕೊ ಕಂಪನಿಯ ಪಂಪುಗಳೇ ಎಲ್ಲೆಲ್ಲೂ ಇದ್ದುದರಿಂದ, ‘ಮೈಕೊ’ ಎಂಬುದು ಗಾಡಿಯವರ ಬಾಯಲ್ಲಿ ಪಂಪಿಗೆ ಪರ್ಯಾಯ ಪದವೇ ಆಗಿತ್ತು. ಗ್ಯಾರೇಜಿನ ಮೂಲೆಯಲ್ಲಿ ಸೆಲ್ಫ್, ಡೈನಮೊ, ಹೆಡ್‌ಲೈಟುಗಳನ್ನು ನೋಡಿಕೊಳ್ಳುತ್ತಿದ್ದ ಎಲೆಕ್ಟ್ರಿಷಿಯನ್ನನಿಗೆ ಎಂಜಿನ್ನಿನ ಒಳಗುಟ್ಟಿನ ಬಗ್ಗೆ ಅಭಿಪ್ರಾಯ ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಈ ಕ್ರಮವನ್ನು ಕದಲಿಸಿದ್ದು ಕಾಮನ್ ರೈಲ್ ಎಂಜಿನ್. ಇದರಲ್ಲಿ ಪಂಪಿನ ಕೆಲಸ ಒತ್ತಡ ಹುಟ್ಟಿಸುವುದಷ್ಟೇ; ಸಾವಿರ ಬಾರ್‌ಗೂ ಮೀರಿದ ಒತ್ತಡದ ಡೀಸೆಲ್ ‘ರೈಲ್’ ಎಂಬ ಒಂದು ದಪ್ಪ ಕೊಳವೆಯಲ್ಲಿ ಸದಾ ಸಿದ್ಧವಿರುತ್ತದೆ, ಯಾವ ಇಂಜೆಕ್ಟರ್ ಯಾವ ಕ್ಷಣದಲ್ಲಿ ಎಷ್ಟು ಹೊತ್ತು ತೆರೆಯಬೇಕೆಂಬುದನ್ನು ಇಸಿಎಂ ಎಂಬ ಪುಟ್ಟ ಕಂಪ್ಯೂಟರು ಸೆನ್ಸರುಗಳ ವರದಿಯ ಮೇಲೆ ನಿರ್ಧರಿಸುತ್ತದೆ. 2005ರಲ್ಲಿ ಬಂದ ಇನ್ನೋವಾ ಮತ್ತು ಅದರ ಆಸುಪಾಸಿನಲ್ಲೇ ಕಾಮನ್ ರೈಲಿಗೆ ತಿರುಗಿದ ಸ್ಕಾರ್ಪಿಯೊಗಳು ಮೊದಮೊದಲು ಸ್ಥಿತಿವಂತರ ಮನೆಗಳಲ್ಲಿದ್ದವು; ಅವು ಎರಡನೆಯ, ಮೂರನೆಯ ಮಾಲೀಕರ ಕೈಗೆ ಬಂದು ಬಾಡಿಗೆಗೆ ಓಡತೊಡಗಿದ ಮೇಲೆಯೇ ತಾಲ್ಲೂಕು ಪಟ್ಟಣದ ಗ್ಯಾರೇಜುಗಳು ಡ್ಯಾಶ್‌ಬೋರ್ಡಿನ ಹಳದಿ ದೀಪವನ್ನು, ಅಂದರೆ ‘ಚೆಕ್ ಲೈಟನ್ನು’, ನಿತ್ಯದ ಸಮಸ್ಯೆಯಾಗಿ ಎದುರಿಸಬೇಕಾಯಿತು. ದೀಪ ಹತ್ತಿದೊಡನೆ ಎಂಜಿನ್ನನ್ನು ಕಾಪಾಡುವ ಸಲುವಾಗಿ ಇಸಿಎಂ ಅದರ ಶಕ್ತಿಯನ್ನು ಮಿತಿಗೊಳಿಸುವುದುಂಟು. ಆಗ ಗಾಡಿ ಚಾಲೂ ಇದ್ದರೂ ಏರು ಹತ್ತುವುದಿಲ್ಲ.

ದೀಪದ ಹಿಂದಿನ ಕಾರಣವನ್ನು ಇಸಿಎಂ ಒಂದು ಸಂಕೇತವಾಗಿ ಬರೆದಿಟ್ಟುಕೊಳ್ಳುತ್ತದೆ. ಸ್ಟೀರಿಂಗಿನ ಕೆಳಗಿರುವ 16 ಪಿನ್ನುಗಳ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿದಾಗ ಕಾಣುವ ಈ ಸಂಕೇತದಲ್ಲಿ ಮೊದಲ ಅಕ್ಷರ ‘ಪಿ’ ಆಗಿದ್ದರೆ ದೋಷವು ಎಂಜಿನ್ ಅಥವಾ ಗೇರ್‌ಬಾಕ್ಸಿಗೆ ಸಂಬಂಧಿಸಿದ್ದು; ಅದರ ಮುಂದಿನ ಅಂಕಿ 0 ಇದ್ದರೆ ಎಲ್ಲ ಕಂಪನಿಗಳಿಗೂ ಸಮಾನವಾದ ಸಂಕೇತ, 1 ಇದ್ದರೆ ಆಯಾ ತಯಾರಕರದೇ ಆದದ್ದು. ಅಮೆರಿಕದಲ್ಲಿ 1996ರಿಂದಲೇ ಕಡ್ಡಾಯವಾಗಿದ್ದ ಈ ವ್ಯವಸ್ಥೆ ಭಾರತದಲ್ಲಿ ಹೊಗೆ ನಿಯಂತ್ರಣದ ಬಿಎಸ್ 4 ಮಾನದಂಡದ ವಾಹನಗಳೊಂದಿಗೆ 2010 ಮತ್ತು 2013ರಲ್ಲಿ ಎರಡು ಹಂತಗಳಲ್ಲಿ ಬಂದಿತು, ಮತ್ತು ಬಿಎಸ್ 4 ಇಡೀ ದೇಶಕ್ಕೆ ಅನ್ವಯವಾದದ್ದು 2017ರ ಏಪ್ರಿಲ್‌ನಲ್ಲಿ. ಅದಕ್ಕೂ ಹಿಂದಿನ ಎಷ್ಟೋ ಗಾಡಿಗಳಲ್ಲಿ ಸಾಕೆಟ್ ಇದ್ದರೂ ಅಗ್ಗದ ಸ್ಕ್ಯಾನರಿಗೆ ಅವು ಉತ್ತರ ಕೊಡುತ್ತಿರಲಿಲ್ಲ. ತಯಾರಕರ ಸ್ಕ್ಯಾನರೇ ಬೇಕಾಗಿದ್ದರಿಂದ ಪಾವಗಡದಲ್ಲಿ ನಿಂತ ಗಾಡಿಯನ್ನು ಸುಮಾರು ನೂರು ಕಿಲೋಮೀಟರ್ ದೂರದ ತುಮಕೂರಿಗೆ ಕಟ್ಟಿ ಎಳೆದುಕೊಂಡು ಹೋಗಬೇಕಾಗುತ್ತಿತ್ತು. ಮೊಬೈಲಿಗೆ ಬ್ಲೂಟೂತ್ ಮೂಲಕ ಸಂಕೇತ ಕಳಿಸುವ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಸಾಧನಗಳೂ ಬಹು ಕಂಪನಿಯ ಸ್ಕ್ಯಾನರುಗಳೂ ಕೈಗೆಟುಕಿದ ಮೇಲೆ ಈ ಅಲೆದಾಟ ಬಹಳಷ್ಟು ಕಡಿಮೆಯಾಯಿತು.

ಆದರೆ ಅದೇ ಅವಧಿಯಲ್ಲಿ ಇನ್ನೊಂದು ಕೇಡೂ ಕಾಲಿಟ್ಟಿತು. ಸಂಕೇತವು ದೋಷದ ಲಕ್ಷಣವನ್ನು ಹೇಳುತ್ತದೆಯೇ ಹೊರತು ಕೆಟ್ಟ ಭಾಗದ ಹೆಸರನ್ನಲ್ಲ ಎಂಬುದು ತಿಳಿಯುವ ಮುನ್ನ, ಪರದೆಯ ಮೇಲೆ ಯಾವ ಸೆನ್ಸರಿನ ಹೆಸರು ಬಂದರೆ ಅದನ್ನೇ ಬದಲಿಸುವ ಪರಿಪಾಠ ಬೆಳೆಯಿತು. ‘ಸೆನ್ಸರ್ ಹೋಗೈತೆ ಅಣ್ಣ, ಹೊಸದು ಹಾಕ್ಸು’ ಎಂಬ ಮಾತು ಕೇಳಿ, ಬಾಡಿಗೆಯ ದುಡಿಮೆಯನ್ನೆಲ್ಲ ಸುರಿದು ಹೊಸ ಭಾಗ ತರಿಸಿದ ಮೇಲೂ ಗಾಡಿ ಮತ್ತೆ ನಿಂತಾಗ ಮಾಲೀಕರ ಮುಖದಲ್ಲಿ ಕಾಣುತ್ತಿದ್ದ ಹತಾಶೆಯನ್ನು ಆ ಅಂಗಳಗಳಲ್ಲಿ ನಿಂತು ನೋಡಿದವರು ಮರೆತಿರಲಾರರು. ಪಿ0087 ಎಂಬ ಸಂಕೇತವನ್ನೇ ತೆಗೆದುಕೊಂಡರೆ, ರೈಲಿನ ಒತ್ತಡ ಇರಬೇಕಾದ್ದಕ್ಕಿಂತ ಕಡಿಮೆ ಇದೆ ಎಂಬುದಷ್ಟೇ ಅದರ ಅರ್ಥ. ಫಿಲ್ಟರ್ ಕಟ್ಟಿರಬಹುದು, ಬಿಸಿಲಿಗೆ ಸೀಳಿದ ರಬ್ಬರ್ ಪೈಪು ಗಾಳಿ ಎಳೆಯುತ್ತಿರಬಹುದು, ಕ್ಯಾನಿನಲ್ಲಿ ತಂದ ಡೀಸೆಲಿನಲ್ಲಿ ನೀರಿರಬಹುದು, ಪಂಪು ಸವೆದಿರಬಹುದು, ಇಲ್ಲವೇ ಇಂಜೆಕ್ಟರುಗಳು ಒಳಗೊಳಗೇ ಸೋರುತ್ತಿರಬಹುದು. ಬಲ್ಲ ಮೇಸ್ತ್ರಿ ಮೊದಲು ಫಿಲ್ಟರಿನ ನೀರು ಬಸಿದು, ಡೀಸೆಲ್ ಪೈಪಿನ ನಡುವೆ ಒಂದು ಗೇಣು ಪಾರದರ್ಶಕ ನಳಿಕೆ ಸೇರಿಸಿ ಗುಳ್ಳೆಗಳು ಬರುತ್ತಿವೆಯೇ ಎಂದು ನೋಡುತ್ತಾನೆ. ಅನಂತರ ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪನ್ನು ಬಿಚ್ಚಿ ಒಂದೊಂದು ಚಿಕ್ಕ ಬಾಟಲಿಗೆ ಬಿಟ್ಟು, ಎಂಜಿನ್ ಚಾಲೂ ಮಾಡಿ, ಬಾಟಲಿಗಳಲ್ಲಿ ಡೀಸೆಲಿನ ಮಟ್ಟ ಹೋಲಿಸುತ್ತಾನೆ. ಉಳಿದವುಗಳಿಗಿಂತ ಬೇಗ ತುಂಬುವ ಬಾಟಲಿಯ ಇಂಜೆಕ್ಟರೇ ಅಪರಾಧಿ. ನಟ್ಟು ಸಡಿಲಿಸಿ ಸದ್ದು ಕೇಳುತ್ತಿದ್ದ ಹಿಂದಿನ ಪರೀಕ್ಷೆಯೇ ಇಲ್ಲಿ ಬೇರೆ ರೂಪದಲ್ಲಿ ಮುಂದುವರಿದಿದೆ. ಆದರೆ ಹಳೆಯ ರೀತಿಯಲ್ಲಿ ನಟ್ಟು ಸಡಿಲಿಸಲು ಹೋದರೆ ಸಾವಿರ ಬಾರ್‌ಗೂ ಮಿಗಿಲಾದ ಒತ್ತಡದ ಡೀಸೆಲ್ ಚರ್ಮವನ್ನೇ ತೂರಿಕೊಂಡು ಹೋಗುವ ಅಪಾಯವಿರುವುದರಿಂದ, ಹಿರಿಯರ ಕೈಗೆ ಅಂಟಿದ್ದ ಆ ಅಭ್ಯಾಸವನ್ನು ಬಿಡಿಸುವುದು ಅತ್ಯಗತ್ಯವಾಗಿತ್ತು.

ಎಲ್ಲಕ್ಕಿಂತ ದೊಡ್ಡ ಪಲ್ಲಟವೆಂದರೆ ಮೂಲೆಯಲ್ಲಿದ್ದ ಎಲೆಕ್ಟ್ರಿಷಿಯನ್ ನಡುಮನೆಗೆ ಬಂದದ್ದು. ಎಂಜಿನ್ ಕಾದ ಮೇಲೆ ಏಕಾಏಕಿ ಆಫ್ ಆಗಿ, ಅರ್ಧ ತಾಸು ತಣಿದರೆ ಏನೂ ಆಗದಂತೆ ಮತ್ತೆ ಚಾಲೂ ಆಗುವ ಗಾಡಿಯಲ್ಲಿ ಹೆಚ್ಚಿನ ವೇಳೆ ಶಂಕೆ ಬೀಳುವುದು ಕ್ರ್ಯಾಂಕ್ ಸೆನ್ಸರಿನ ಮೇಲೆ. ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ, ಪಿಸ್ಟನ್‌ಗಳು ಯಾವ ಸ್ಥಾನದಲ್ಲಿವೆ ಎಂದು ತಿಳಿಸುವ ಈ ಸೆನ್ಸರ್ ಮೌನವಾದರೆ ಇಸಿಎಂ ಡೀಸೆಲನ್ನೇ ನಿಲ್ಲಿಸುತ್ತದೆ. ಪಿ0335 ಎಂಬ ಸಂಕೇತ ಇದನ್ನು ಸೂಚಿಸುತ್ತದಾದರೂ ಕೆಟ್ಟಿರುವುದು ಸೆನ್ಸರೋ, ಇಲಿ ಕಡಿದ ವೈರೋ, ಕಿಲುಬು ಹಿಡಿದ ಕನೆಕ್ಟರೋ, ಎಂಜಿನ್ನಿಗೂ ಬಾಡಿಗೂ ನಡುವಿನ ಸಡಿಲ ಅರ್ಥಿಂಗೋ ಎಂಬುದನ್ನು ಅದು ಹೇಳದು. ದಶಕಗಳ ಕಾಲ ಎಲೆಕ್ಟ್ರಿಷಿಯನ್ನರ ಕೈಯಲ್ಲಿದ್ದ ಟೆಸ್ಟ್ ಬಲ್ಬು ಇಲ್ಲಿ ಉಪಯೋಗಕ್ಕೆ ಬರಲಿಲ್ಲ, ಏಕೆಂದರೆ 5 ವೋಲ್ಟಿನ ಸೂಕ್ಷ್ಮ ಸರ್ಕ್ಯೂಟಿನಿಂದ ಬಲ್ಬು ಎಳೆಯುವ ಕರೆಂಟು ಇಸಿಎಮ್ಮನ್ನೇ ಕೆಡಿಸಬಲ್ಲದು. ಮಲ್ಟಿಮೀಟರ್ ಹಿಡಿಯಲು ಕಲಿತು, ಒಂದು ಕೈಯಲ್ಲಿ ವೈರಿಂಗ್ ಕಟ್ಟನ್ನು ಅಲುಗಾಡಿಸುತ್ತ ಇನ್ನೊಂದು ಕಡೆ ಅಂಕಿಗಳು ಎಲ್ಲಿ ಹಾರುತ್ತವೆಂದು ನೋಡುವ ತಾಳ್ಮೆ ಬೆಳೆಸಿಕೊಂಡವರೇ ಹೊಸ ಕಾಲದ ನಿಜವಾದ ರೋಗನಿದಾನಕಾರರಾದರು. ಪಂಪಿನವರಲ್ಲಿ ಕೆಲವರು ದುಬಾರಿ ಟೆಸ್ಟ್ ಬೆಂಚ್ ಹಾಕಿ ಉಳಿದುಕೊಂಡರೆ, ಹಲವರು ಟ್ರ್ಯಾಕ್ಟರು ಮತ್ತು ಹಳೆಯ ಲಾರಿಗಳ ಕೆಲಸಕ್ಕೆ ಸೀಮಿತರಾದರು.

ಬಯಲು ಸೀಮೆಯ ಧೂಳಿಗೂ ಈ ದೋಷಗಳಲ್ಲಿ ಪಾಲಿದೆ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಸುತ್ತಿನ ಸುಮಾರು 13,000 ಎಕರೆಯಲ್ಲಿ ಎದ್ದು, 2019ರ ಕೊನೆಗೆ 2,050 ಮೆಗಾವಾಟ್ ಸಾಮರ್ಥ್ಯ ಮುಟ್ಟಿದ ಸೌರ ಪಾರ್ಕಿನ ಮಣ್ಣುದಾರಿಗಳಲ್ಲಿ ಬಾಡಿಗೆಗೆ ಓಡಿದ ಜೀಪುಗಳ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುವುದು ಸಹಜವಾಗಿತ್ತು; ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರಿನ ಮೇಲೆ ಧೂಳು ಕೂತರೆ ಪಿ0101 ಎಂಬ ಸಂಕೇತ ಬಂದು ಪಿಕಪ್ ಕುಗ್ಗುತ್ತದೆ, ಮತ್ತು ಇದಕ್ಕೆ ಹಲವು ಬಾರಿ ಬೇಕಾಗುವುದು ಹೊಸ ಭಾಗವಲ್ಲ, ಅದಕ್ಕೆಂದೇ ಸಿಗುವ ಸ್ಪ್ರೇಯಿಂದ ಒಂದು ತೊಳೆತ ಮಾತ್ರ.

2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಗಾಡಿಗಳು ಬಹುಪಾಲು ಕಂಪನಿ ವರ್ಕ್‌ಶಾಪುಗಳ ಕಡೆಗೇ ಹೋಗುತ್ತವೆ. ಮಧುಗಿರಿ, ಶಿರಾ, ಕೊರಟಗೆರೆಗಳ ಗ್ಯಾರೇಜುಗಳಿಗೆ ಅನ್ನ ಕೊಡುತ್ತಿರುವುದು ಮೊದಲ ತಲೆಮಾರಿನ ಕಾಮನ್ ರೈಲ್ ಗಾಡಿಗಳೇ. ಅವೀಗ 15 ವರ್ಷ ದಾಟಿವೆ. 2022ರ ಏಪ್ರಿಲ್‌ನಿಂದ ಖಾಸಗಿ ಕಾರಿನ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿದ್ದರೂ, ಹೊಸ ಗಾಡಿ ಕೊಳ್ಳಲಾಗದ ಮಾಲೀಕರು ಅವನ್ನು ಕೆಎ 64 ಸಂಖ್ಯೆಯ ಮಧುಗಿರಿ ಸಾರಿಗೆ ಕಚೇರಿಯಲ್ಲಿ ಇನ್ನೈದು ವರ್ಷಕ್ಕೆ ನವೀಕರಿಸಿಕೊಳ್ಳುತ್ತಾರೆ. ತಪಾಸಣೆಯ ಹಿಂದಿನ ದಿನ ದೀಪ ಆರಿಸಲೆಂದು ಸ್ಕ್ಯಾನರಿನಿಂದ ಸಂಕೇತ ಅಳಿಸಿ ಕೊಡುವವರೂ ಇದ್ದಾರೆ. ಅಂಥ ಗಾಡಿಯ ದೀಪ, ದೋಷ ಮರುಕಳಿಸಿದೊಡನೆ ಮತ್ತೆ ಹತ್ತಿಕೊಳ್ಳುತ್ತದೆ, ಮತ್ತು ದೋಷ ಮೂಡಿದ ಗಳಿಗೆಯಲ್ಲಿ ಇಸಿಎಂ ಬರೆದಿಟ್ಟಿದ್ದ ವೇಗ, ಬಿಸಿ, ಒತ್ತಡಗಳ ದಾಖಲೆಯೂ ಆ ಅಳಿಸುವಿಕೆಯಲ್ಲೇ ಹೋಗಿರುವುದರಿಂದ, ಮುಂದೆ ಅದನ್ನು ನೋಡುವ ಮೇಸ್ತ್ರಿ ಹುಡುಕಾಟವನ್ನು ಮೊದಲಿನಿಂದ ಆರಂಭಿಸಬೇಕಾಗುತ್ತದೆ.