ಕಾಳಿ ಯಾವ ಬಣ್ಣದ ನಾಯಿ?

'ಗೇಮ್‌ಗೂ ಬರಹಗಾರ ಬೇಕಾ?' ಅಂತ ಕೇಳುವವರೇ ಜಾಸ್ತಿ. ಬೇಕು. ಆಟಗಾರ ಬಾಗಿಲು ತಟ್ಟಿದರೆ ಒಳಗಿನವರು ಏನನ್ನಬೇಕು, ಅವನು 'ಒಲ್ಲೆ' ಅಂದರೆ ಕಥೆ ಎತ್ತ ತಿರುಗಬೇಕು, ಕತ್ತಿ ಎತ್ತಿಕೊಂಡಾಗ ಪರದೆ ಮೇಲೆ ಯಾವ ಎರಡು ಸಾಲು ಮೂಡಬೇಕು, ಇದನ್ನೆಲ್ಲ ಯಾರೋ ಕೂತು ಬರೆದಿರುತ್ತಾರೆ. ಹಗಲು ಸಾಫ್ಟ್‌ವೇರ್ ಎಂಜಿನಿಯರ್ ಆಗಿರುವ ನಾನು, ಎರಡು ವರ್ಷದಿಂದ ರಾತ್ರಿ ಹೊತ್ತು ಓಕಳಿಪುರಂನ ನಮ್ಮ ಮನೆಯ ಮಹಡಿ ರೂಮಿನಲ್ಲಿ ಆ 'ಯಾರೋ' ಆಗಿದ್ದೇನೆ.

ನನ್ನ ಇನ್ನೊಂದು ಹುಚ್ಚು ಇತಿಹಾಸ. ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಹತ್ತಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದರೆ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ದೂರವಿಲ್ಲ. 1865ರಲ್ಲಿ ಶುರುವಾದ ಈ ಮ್ಯೂಸಿಯಂನಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ಒಂದು ಕಲ್ಲಿದೆ. ಕಾಲ ಸುಮಾರು 949. ಅದರ ಕಥೆ ಕೇಳಿ.

ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗ ಚೋಳರ ವಿರುದ್ಧ ಹೋರಾಡುತ್ತಾನೆ. ಚೋಳ ರಾಜಾದಿತ್ಯ ಸಾಯುತ್ತಾನೆ. ಬೂತುಗನ ಸೇವಕ ಮಣಲೆರನ ಶೌರ್ಯಕ್ಕೆ ಮೆಚ್ಚಿದ ದೊರೆ 'ಏನು ಬೇಕು, ಕೇಳು' ಅನ್ನುತ್ತಾನೆ. ಮಣಲೆರ ಕೇಳಿದ್ದು ಒಂದು ನಾಯಿಯನ್ನು! ಹೆಸರು ಕಾಳಿ. ಮುಂದೆ ಆ ನಾಯಿ ದೊಡ್ಡ ಕಾಡುಹಂದಿಯ ಜೊತೆ ಹೋರಾಡಿ, ಎರಡೂ ಸಾಯುತ್ತವೆ. ನಾಯಿಯ ನೆನಪಿಗೆ ಕಲ್ಲು ನೆಟ್ಟು, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ನಾಯಿ-ಹಂದಿಯ ಕಾದಾಟ ಕಲ್ಲಿನ ಮೇಲೇ ಕೆತ್ತಿದೆ.

ಗೇಮ್ ಬರೆಯುವವನಿಗೆ ಇದಕ್ಕಿಂತ ಇನ್ನೇನು ಬೇಕು? 'ಏನು ಬೇಕು?' ಅಂತ ದೊರೆ ಕೇಳಿದ ತಕ್ಷಣ ಪರದೆ ಮೇಲೆ ಮೂರು ಆಯ್ಕೆ: ಚಿನ್ನ, ಊರು, ನಾಯಿ. ಆಟಗಾರ ಚಿನ್ನ ಒತ್ತಿದರೆ? ಕಲ್ಲಿನಲ್ಲಿ ಹಾಗಿಲ್ಲವಲ್ಲ! ಚಿತ್ರ ಬರೆಯುವ ಗೆಳತಿಯದು ಇನ್ನೊಂದು ಪ್ರಶ್ನೆ: 'ನಾಯಿ ಯಾವ ಬಣ್ಣ ಹೇಳು.' ಕಲ್ಲು ಹೇಳುವುದಿಲ್ಲ. ಹೆಸರು ಕಾಳಿ ಅಂತ ಕಪ್ಪು ಬಳಿದರೆ ಅದು ನಮ್ಮ ಊಹೆ. ಮ್ಯೂಸಿಯಂ ಫಲಕದಲ್ಲಿ ಊಹೆಯನ್ನು ಬಿಟ್ಟುಬಿಡಬಹುದು. ಗೇಮ್‌ನಲ್ಲಿ ಬಣ್ಣವಿಲ್ಲದ ನಾಯಿ ಓಡುವುದಿಲ್ಲ.

ಅದಕ್ಕೆ ನಾವು ಕೋಡ್ ಬರೆಯುವವರ ಉಪಾಯವನ್ನೇ ಮಾಡಿದೆವು. ಸಂಭಾಷಣೆಯ ಫೈಲ್‌ನಲ್ಲಿ ಪ್ರತಿ ಸಾಲಿನ ಪಕ್ಕ ಒಂದು ಕಾಲಂ: 'ಕಲ್ಲಿನದು', 'ಊಹೆ', 'ಕಲ್ಪನೆ'. ಆಟ ಮುಗಿದ ಮೇಲೆ ಆಟಗಾರನಿಗೂ ಅದು ಕಾಣುತ್ತದೆ. ದೊಡ್ಡ ಕಂಪನಿಗಳೂ ಈ ಎರಡು ಲೋಕವನ್ನು ಜೋಡಿಸಿವೆ. ಯೂಬಿಸಾಫ್ಟ್ 2018ರಲ್ಲಿ ತನ್ನ ಪ್ರಾಚೀನ ಈಜಿಪ್ಟಿನ ಗೇಮ್‌ನಿಂದ ಹೊಡೆದಾಟ ತೆಗೆದು, ಸುಮ್ಮನೆ ತಿರುಗಾಡಿ ಕಲಿಯುವ 'ಡಿಸ್ಕವರಿ ಟೂರ್' ಕೊಟ್ಟಿತು. ನಮ್ಮಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 19ನೇ ಶತಮಾನದಲ್ಲೇ ಶ್ರೀತತ್ತ್ವನಿಧಿಯ ಕೊನೆಯ ಭಾಗವನ್ನು ಆಟಗಳಿಗೆ ಮೀಸಲಿಟ್ಟಿದ್ದರು.

ಇಷ್ಟರಲ್ಲಿ ಒಂದು ಸಣ್ಣ ಸ್ಟುಡಿಯೋ 'ಪೂರ್ತಿ ಸಮಯಕ್ಕೆ ಬಾ' ಅಂತ ಕರೆಯಿತು. ಸಂಬಳ ಈಗಿನದರ ಅರ್ಧ. ರೈಲ್ವೆಯಲ್ಲಿ ಮೂವತ್ತು ವರ್ಷ ದುಡಿದ ಅಪ್ಪ ಕೇಳಿದ್ದು ಇಷ್ಟೇ: 'ಒಂದೇ ಹಳಿ ಮೇಲೆ ಎರಡು ಗಾಡಿ ಬಿಡ್ತೀಯೇನೋ?' ಅಮ್ಮನಿಗೆ ಮನೆ ಸಾಲದ ಚಿಂತೆ. ಅದು ಇನ್ನೂ ಏಳು ವರ್ಷವಿದೆ.

ಒಂದು ವಾರ ನಿದ್ದೆ ಬರಲಿಲ್ಲ. ಕೊನೆಗೆ ಸ್ಟುಡಿಯೋಗೆ ಹೇಳಿದೆ: ಕೆಲಸ ಬಿಡಲ್ಲ, ಈ ಒಂದು ಗೇಮ್‌ಗೆ ಮಾತ್ರ ಶನಿವಾರ, ಭಾನುವಾರ ಬರೆದುಕೊಡ್ತೀನಿ. ಅವರು ಒಪ್ಪಿದರು. ಆಫೀಸಿನಲ್ಲಿ ಹೊರಗಿನ ಕೆಲಸಕ್ಕೆ ಲಿಖಿತ ಅನುಮತಿ ತೆಗೆದುಕೊಂಡೆ. ಆರು ತಿಂಗಳ ಖರ್ಚು ಕೂಡಿಟ್ಟ ಮೇಲೆ ಮತ್ತೆ ಯೋಚಿಸೋಣ ಅಂತ ಅಪ್ಪನ ಜೊತೆ ಮಾತಾಗಿದೆ. ಅಷ್ಟರವರೆಗೆ ಎರಡು ಗಾಡಿಗೂ ಬೇರೆ ಬೇರೆ ಟೈಮ್ ಟೇಬಲ್.

ನಿಮಗೂ ಇಂಥ ಆಸೆ ಇದ್ದರೆ ರಾಜೀನಾಮೆಯಿಂದ ಶುರು ಮಾಡಬೇಡಿ, ಒಂದು ಕಲ್ಲಿನಿಂದ ಶುರು ಮಾಡಿ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿಸಿದೆ, ಫೋನ್‌ನಲ್ಲೇ ತಿರುಗಿಸಿ ನೋಡಬಹುದು. ಒಂದನ್ನು ಆರಿಸಿ, ಮೂವತ್ತು ಪದದಲ್ಲಿ ಫಲಕ ಬರೆಯಿರಿ. ಆಮೇಲೆ ಅದೇ ಕಥೆಗೆ ಹತ್ತು ಸಾಲಿನ ಸಂಭಾಷಣೆ ಬರೆಯಿರಿ. ಎರಡನ್ನೂ ಅಕ್ಕಪಕ್ಕ ಇಟ್ಟು, ಕಲ್ಲು ಹೇಳದೇ ಇದ್ದ ಮಾತಿಗೆಲ್ಲ ಗೆರೆ ಎಳೆಯಿರಿ.

ಅಂದಹಾಗೆ, ನಮ್ಮ ಕಾಳಿ ಕಂದು ಬಣ್ಣದವಳು. ಪಕ್ಕದ ಕಾಲಂನಲ್ಲಿ 'ಕಲ್ಪನೆ' ಅಂತಲೇ ಬರೆದಿದ್ದೇವೆ.