ಅಡಿಗಿಮನ್ಯಾಗ ಕೇಳಿದ ಮಾಲ್ಗುಡಿ

ಅಕ್ಕಾರ, ಮಾಲ್ಗುಡಿ ಡೇಸ್ ನೆನಪದ ಏನು ನಿಮಗ? 1980ರ ದಶಕದಾಗ ದೂರದರ್ಶನದಾಗ ಬರತಿತ್ತಲ್ಲ, ಅದು. ಆರ್. ಕೆ. ನಾರಾಯಣರ ಕಥಿ, ಶಂಕರ್ ನಾಗ್ ಅವರ ನಿರ್ದೇಶನ, ಆಗುಂಬಿಯ ದೊಡ್ಡಮನ್ಯಾಗ ಶೂಟಿಂಗ್.

ಮಾತು ಹಿಂದಿಯೊಳಗ. ನಮ್ಮ ಓಣ್ಯಾಗ ಹಿಂದಿ ಬರತಿದ್ದವರು ಇಬ್ಬರೋ ಮೂವರೋ. ಆದ್ರೂ ಯಾರೂ ಎದ್ದು ಹೋಗತಿರಲಿಲ್ಲ. ಸ್ವಾಮಿ ಅಂದ್ರ ಮಾಸ್ಟರ್ ಮಂಜುನಾಥ, ಅಪ್ಪ ಗಿರೀಶ್ ಕಾರ್ನಾಡ್, ಅವ್ವ ವೈಶಾಲಿ ಕಾಸರವಳ್ಳಿ. ಎಲ್ಲಾ ನಮ್ಮವರ ಮಾರಿ. ಆ ಕಂಬ, ಆ ಅಂಗಳ ನೋಡಿದ್ರ ಅರ್ಧ ಕಥಿ ತಿಳೀತಿತ್ತು.

ನಮ್ಮವ್ವ ಮಾತ್ರ ಅದನ್ನ ನೋಡಲಿಲ್ಲ, ಬರೇ ಕೇಳಿದ್ಲು. ಟೀವಿ ಪಡಸಾಲ್ಯಾಗ, ಆಕಿ ರೊಟ್ಟಿ ಹಂಚಿನ ಮುಂದ. ನೋಡಾಕ ಬಂದ ಮಂದಿಗೆ ಚಹಾ ಬ್ಯಾರೆ. ಹಿರೇರು ಕೂತಲ್ಲಿ ಸೊಸಿ ಬಂದು ಕೂಡೂದು ನಮ್ಮನ್ಯಾಗ ರೂಢಿ ಇರಲಿಲ್ಲ. (ರೂಢಿ ಮಾಡಿದವರಿಗೆ ಚಹಾ ಮಾತ್ರ ಕೂತಲ್ಲೇ ಬರತಿತ್ತು!) ಎಲ್. ವೈದ್ಯನಾಥನ್ ಅವರ ಸಂಗೀತ ಶುರು ಆತಂದ್ರ ಒಳಗಿಂದ "ಬಂತೇನ?" ಅಂತಿದ್ಲು. ಮುಗಿದ ಮ್ಯಾಲ, "ಇವತ್ತೇನ ಮಾಡಿದ ಆ ಹುಡುಗ?"

ಹೋದ ತಿಂಗಳ ಮೊಬೈಲಿನಾಗ ಹಾಕಿ ಕೊಟ್ಟೆ. ಈಗ ಆಕಿಗೆ 78. ಸ್ವಾಮೀನ ನೋಡಿ, "ಅಯ್ಯ, ಇಷ್ಟ ಸಣ್ಣಾಂವ ಏನು? ನಾ ದೊಡ್ಡಾಂವ ಅನ್ಕೊಂಡಿದ್ದೆ" ಅಂದ್ಲು. ಸ್ವಾಮಿಯ ಅವ್ವ ಬಂದ ಕೂಡಲೇ ಚಾಳೀಸ ಸರಿ ಮಾಡಿಕೊಂಡ್ಲು. ಒಳಗ ಕುಕ್ಕರ್ ಮೂರು ಸೀಟಿ ಹೊಡೀತು. ಆಕಿ ಏಳಲಿಲ್ಲ. ನಾನ ಹೋಗಿ ಗ್ಯಾಸ್ ಬಂದ್ ಮಾಡಿ, ಚಹಾಕ್ಕ ಇಟ್ಟೆ.